ಮುಖಕ್ಕೆ ಸೋಪು, ಬಾಯಿಗೆ ಇಂಗ್ಲಿಷು

ಪ್ರವಾಸಿ ಬಂಗಲೆಯ ಕಾವಲುಗಾರ ಬೋರಪ್ಪನ ಕೋಣೆಯ ನೆಲದ ತುಂಬ ಚೇಳು. ತಪಾಸಣೆಗೆ ಬಂದಿದ್ದ ಸಾಹೇಬ ನರಹರಿರಾಯರಿಗೋ ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ಕಿವಿ ಕೇಳಿಸುತ್ತಿತ್ತು. ಬೋರಪ್ಪ ಧೈರ್ಯ ಮಾಡಿ, "ಐ ವಾಂಟ್ ಎ ಕಾಟ್ ಟು ಸ್ಲೀಪ್, ಸರ್" ಅಂದ.

"ಕೊನೆಗೆ 'ಆನ್' ಎಲ್ಲಯ್ಯಾ?" ರಾಯರು ಗುಡುಗಿದರು. "'ಟು ಸ್ಲೀಪ್ ಆನ್' ಅನ್ನಬೇಕು. ಇಲ್ಲದಿದ್ದರೆ ನೀನು ಮಂಚದ ಮೇಲೆ ಮಲಗುತ್ತೀಯೋ ಕೆಳಗೆ ಮಲಗುತ್ತೀಯೋ, ಸರ್ಕಾರಕ್ಕೆ ಹೇಗೆ ಗೊತ್ತಾಗಬೇಕು? ಮಂಚ ಇಲ್ಲ, ಹೋಗು!"

ಮರುದಿನ ಬೆಳಿಗ್ಗೆ ರಾಯರು ಮುಖದ ತುಂಬ ಸೋಪು ಬಳಿದುಕೊಂಡ ಹೊತ್ತಿಗೇ ಬಚ್ಚಲಮನೆಯ ನಲ್ಲಿ ನಿಂತುಹೋಯಿತು.

"ಬೋರಪ್ಪಾ! ವಾಟರ್ ಟು ವಾಶ್!"

ಬೋರಪ್ಪ ತುಂಬಿದ ಕೊಡ ಹಿಡಿದು ಬಾಗಿಲ ಹೊರಗೇ ನಿಂತ. "'ವಾಶ್ ವಿತ್' ಅಂತಲೋ, 'ವಾಶ್ ಇನ್' ಅಂತಲೋ ಸರ್? 'ವಿತ್' ಆದರೆ ಕೊಡ ಸಾಕು. 'ಇನ್' ಆದರೆ ತಾವು ಒಳಗಿಳಿಯೋಕೆ ಹಂಡೆ ತರಬೇಕು."

"ಕಣ್ಣು ಉರೀತಿದೆಯೋ!"

"ತಪ್ಪು ನೀರು ಕೊಟ್ಟರೆ ಸರ್ಕಾರ ಸುಮ್ಮನಿರುತ್ತಾ ಸರ್?"

"ಅಯ್ಯೋ ಮಾರಾಯ, ಮುಖ ತೊಳೆಯೋಕೆ ನೀರು ಕೊಡಪ್ಪಾ!"

ಕೊಡ ಥಟ್ಟನೆ ಒಳಗೆ ಹೋಯಿತು. "ಈಗ ಸರಿಯಾಗಿ ತಿಳೀತು ಸರ್" ಅಂದ ಬೋರಪ್ಪ.

ಕೆಂಗಣ್ಣು ಬಿಟ್ಟುಕೊಂಡು ಹೊರಬಂದ ರಾಯರು ಜೊತೆಗೆ ಬಂದಿದ್ದ ಗುಮಾಸ್ತರನ್ನು ಕರೆದು, ಅಚ್ಚ ಕನ್ನಡದಲ್ಲಿ, "ಇವನಿಗೆ ಮಲಗೋಕೆ ಒಂದು ಮಂಚ ಕೊಡಿಸ್ರೀ" ಅಂದರು.