ಬೀಗರಿಗೆ 'ಪೋರಾ' ಅನ್ನುವ ಊರು

ಒಂದು ಕಾಲ ಇತ್ತಂತೆ. ಆ ಕಾಲದಲ್ಲಿ ಬಂಡೆಕುಂಟೆ ಅಂತ ಒಂದು ಊರಿತ್ತಂತೆ. ಇತ್ತಂತೆ ಏನು, ಇದೇ ಊರು. ನೀವು ಮುಖ ಗಂಟಿಕ್ಕಿಕೊಂಡು ವ್ಯಾನಿನಿಂದ ಇಳಿಯದೆ ಕೂತಿದ್ದೀರಲ್ಲ, ಇದೇ ಅದರ ಊರಬಾಗಿಲು.

ಬೀಗರೇ, ಸಿಟ್ಟು ಮಾಡಿಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ನಿಶ್ಚಿತಾರ್ಥಕ್ಕೆ ಅಂತ ಗಂಡಿನ ಕಡೆಯವರು ಬಂದರೆ, ಹೆಣ್ಣಿನ ತಾಯಿ ಎದುರಿಗೆ ನಿಂತು 'ಪೋರಾ' ಅಂತ ಕೂಗಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ತೊಲಗೋ ಅಂದ ಹಾಗೇ ಆಯಿತು. ಇದನ್ನು ಮೊದಲೇ ಬೀಗರಿಗೆ ತಿಳಿಸಿ ಅಂತ ನಮ್ಮ ಗಂಡಸರಿಗೆ ಪ್ರತಿ ಸಲವೂ ಬಡಿದುಕೊಳ್ಳುತ್ತೇನೆ. ಚಪ್ಪರ ಹಾಕುತ್ತಾರೆ, ಮೈಕು ಕಟ್ಟುತ್ತಾರೆ, ಇದೊಂದು ಮಾತು ಹೇಳುವುದಕ್ಕೆ ಒಬ್ಬರಿಗೂ ನೆನಪಿರುವುದಿಲ್ಲ. ಆಮೇಲೆ ಓಡಿ ಬರುತ್ತಾರೆ, ಅಜ್ಜೀ, ಬಂದು ಸಮಾಧಾನ ಮಾಡು ಅಂತ. ನಾನು ಹುಡುಗಿಯ ಅಜ್ಜಿ. ಈ ಮಂಡಿ ಇಟ್ಟುಕೊಂಡು ಇಲ್ಲಿಯವರೆಗೆ ನಡೆದು ಬಂದಿದ್ದೇನೆ. ಈ ಕಲ್ಲಿನ ಮೇಲೆ ಕೂತು ಹೇಳುತ್ತೇನೆ, ಕೇಳಿ. ಕೇಳಿದ ಮೇಲೂ ವಾಪಸು ಹೋಗಬೇಕು ಅನ್ನಿಸಿದರೆ ಹೋಗಿ.

ಅದು ಗಣಿ ನಡೆಸುವ ಬಿಳಿ ದೊರೆಗಳಿದ್ದ ಕಾಲವಂತೆ. ಆಗ ಈ ಊರಲ್ಲಿ ಬ್ಯಾಟಪ್ಪ ಅಂತ ಒಬ್ಬನಿದ್ದನಂತೆ. ಬ್ಯಾಟು ಹಿಡಿಯುತ್ತಿದ್ದ, ಅದಕ್ಕೇ ಬ್ಯಾಟಪ್ಪ ಅಂತ ಈಗಿನ ಹುಡುಗರು ಹೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಬ್ಯಾಟರಾಯಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಮಗು, ಅದಕ್ಕೆ ಬ್ಯಾಟಪ್ಪ. ಅವನು ಹಿಡಿದದ್ದು ಬ್ಯಾಟೂ ಅಲ್ಲ, ಗಾಲ್ಫ್ ಕೋಲು.

ಅಗೋ, ಊರಾಚೆ ಆ ಕೆಮ್ಮಣ್ಣಿನ ಬಯಲು ಕಾಣುತ್ತದಲ್ಲ, ದೊರೆಗಳು ಅಲ್ಲಿ ಗಾಲ್ಫ್ ಆಡುತ್ತಿದ್ದರಂತೆ. ಕೋಲಿನಿಂದ ಚೆಂಡು ಹೊಡೆಯುವುದು, ಬಿಸಿಲಲ್ಲಿ ಅದರ ಹಿಂದೆ ನಡೆಯುವುದು, ಮತ್ತೆ ಹೊಡೆಯುವುದು, ಕೊನೆಗೆ ಒಂದು ಗುಳಿಗೆ ಬೀಳಿಸುವುದು. ಬಿದ್ದದ್ದನ್ನು ಕೈ ಹಾಕಿ ತೆಗೆದು ಇನ್ನೊಂದು ಗುಳಿ ಹುಡುಕಿಕೊಂಡು ಹೋಗುವುದು. ಹೊಟ್ಟೆ ತುಂಬಿದವರ ಆಟ. ಅವರ ಕೋಲಿನ ಚೀಲ ಹೊರುವುದು ಬ್ಯಾಟಪ್ಪನ ಕೆಲಸ. ಅಷ್ಟಕ್ಕೇ ಇದ್ದಿದ್ದರೆ ನಾನು ಈಗ ಒಳಗೆ ಹೂವು ಕಟ್ಟುತ್ತಾ ಕೂತಿರುತ್ತಿದ್ದೆ.

ಆಮೇಲೆ ದೊರೆಗಳಿಗೆ ಹೊಸ ಕೋಲುಗಳು ಬಂದವಂತೆ, ಬುಡದಿಂದ ತುದಿಯವರೆಗೂ ಉಕ್ಕು. ಹಳೆಯವು ಮರದ ಕೋಲು, ತುದಿಗೆ ಮಾತ್ರ ಕಬ್ಬಿಣ, ಹಿಡಿಗೆ ತೊಗಲು ಸುತ್ತಿದ್ದವು. ಅವನ್ನು ಕೇಳಿದವರಿಗೆ ಕೊಟ್ಟರಂತೆ, ಕೇಳದವರ ಹಿತ್ತಿಲಿಗೂ ಎಸೆದರಂತೆ. ಬ್ಯಾಟಪ್ಪನಿಗೆ ಇದು ತಡೆಯಲಾಗಲಿಲ್ಲ. ಉಕ್ಕಿನ ಕೋಲು ಮೂಕ, ಮರದ ಕೋಲು ಮಾತಾಡುತ್ತದೆ ಅನ್ನುತ್ತಿದ್ದನಂತೆ. ಚೆಂಡು ತಾಗಿದ ಕೂಡಲೇ ಅಂಗೈಗೆ ಹೇಳುತ್ತದಂತೆ, ಸರಿಯಾಗಿ ಹೊಡೆದೆ ಅಂತಲೋ, ಕೆಡಿಸಿದೆ ಅಂತಲೋ. ಅವನ ಹೆಂಡತಿ ಗಂಗುಲಮ್ಮ, ತಾನೂ ಬೆಳಗಿಂದ ಸಂಜೆಯವರೆಗೆ ಮಾತಾಡುತ್ತಲೇ ಇದ್ದೇನೆ, ಅದು ಮಾತ್ರ ಯಾರಿಗೂ ಕೇಳಿಸುವುದಿಲ್ಲ ಅಂದಳಂತೆ.

ದೊರೆಗಳು ಊರು ಬಿಟ್ಟ ಮೇಲೆ ಅವನಿಗೆ ಹುಚ್ಚು ಪೂರಾ ಹಿಡಿಯಿತು. ಆ ಕೋಲುಗಳು ಊರೂರಲ್ಲಿ ಹಂಚಿಹೋಗಿದ್ದವಲ್ಲ, ಎಲ್ಲವನ್ನೂ ಹುಡುಕಿಕೊಂಡು ಹೊರಟನಂತೆ. ಒಂದು ಊರಲ್ಲಿ ಆಡು ಕಾಯುವವನ ಕೈಯಲ್ಲಿ ಸಿಕ್ಕಿತಂತೆ, ಇನ್ನೊಂದು ಊರಲ್ಲಿ ಹುಣಸೆಹಣ್ಣು ಉದುರಿಸುವುದಕ್ಕೆ ಇಟ್ಟುಕೊಂಡಿದ್ದರಂತೆ, ಮತ್ತೊಂದು ಕಡೆ ಹೊಲದ ಬೆದರುಗೊಂಬೆಗೆ ತೋಳಾಗಿತ್ತಂತೆ. ಕೇಳಿದ ಕೂಡಲೆ ಯಾರು ಕೊಡುತ್ತಾರೆ? ಒಂದಕ್ಕೆ ಕೋಳಿ ಕೊಟ್ಟ. ಒಂದಕ್ಕೆ ಬಿತ್ತನೆಗೆ ಇಟ್ಟ ಕಡಲೆಕಾಯಿ ಕೊಟ್ಟ. ಬೆದರುಗೊಂಬೆಯ ತೋಳಿಗೆ ಗಂಗುಲಮ್ಮನ ತವರಿನ ತಾಮ್ರದ ಹಂಡೆ ಕೊಟ್ಟ. ಹಂಡೆ ಎಲ್ಲಿ ಅಂತ ಕೇಳಿದರೆ, ಎಂಥಾ ಕೋಲು ಸಿಕ್ಕಿತು ನೋಡು ಅಂದನಂತೆ. ಅವಳು ನೋಡಲಿಲ್ಲ.

ತಂದ ಕೋಲಿಗೆಲ್ಲ ಉಪಚಾರ ಬೇರೆ. ಸಡಿಲವಾಗಿದ್ದನ್ನು ಬಿಗಿಮಾಡುತ್ತಿದ್ದನಂತೆ, ಸೀಳಿದ್ದಕ್ಕೆ ಮೇಣದ ದಾರ ಸುತ್ತುತ್ತಿದ್ದನಂತೆ, ಒಗ್ಗರಣೆಗೆ ಇಟ್ಟ ಹುಚ್ಚೆಳ್ಳೆಣ್ಣೆಯನ್ನೆಲ್ಲ ಕೋಲಿಗೇ ಉಜ್ಜುತ್ತಿದ್ದನಂತೆ. ಸಾರು ಉಣ್ಣುವ ಬಾಯಿ ಇವನದೇ, ಒಗ್ಗರಣೆ ಯಾಕೆ ಹಾಕಲಿಲ್ಲ ಅಂತ ಕೇಳುವ ಬಾಯಿಯೂ ಇವನದೇ. ಗಂಗುಲಮ್ಮ ಒಂದು ದಿನ ಸಿಟ್ಟಿಗೆ ಒಂದು ಕೋಲು ಎತ್ತಿಕೊಂಡು ಹೋಗಿ ನೀರೊಲೆ ಕೆದಕುವುದಕ್ಕೆ ಇಟ್ಟುಕೊಂಡಳಂತೆ. ತುದಿಗೆ ಕಬ್ಬಿಣ ಇತ್ತಲ್ಲ, ಸುಡುತ್ತಿರಲಿಲ್ಲ. ಅದೇ ಅವನ ಕೋಲುಗಳಲ್ಲೆಲ್ಲ ಒಳ್ಳೆಯದು, ಮಾಸಿ ಅಂತ ಅದರ ಹೆಸರು. ದೊರೆಗಳು ಇಟ್ಟ ಹೆಸರು, ಮಸಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಅಂದಿನಿಂದ ಅದರ ತುದಿ ಮಸಿಯೇ ಆಯಿತು. ಕೊಡು ಅಂತ ಅವನು ಬೇಡಿದ. ಹಂಡೆ ತಾ, ಕೊಡುತ್ತೇನೆ ಅಂದಳಂತೆ ಅವಳು.

ಕೂಡಿಸಿಟ್ಟು ಸುಮ್ಮನಿದ್ದರೆ ಯಾರು ಏನನ್ನುತ್ತಿದ್ದರು? ಆಡದೆ ಇಟ್ಟ ಕೋಲು ಸತ್ತುಹೋಗುತ್ತದೆ ಅಂತ ಅವನ ವಾದ. ದಿನಾ ಬೆಳಿಗ್ಗೆ ಕೋಲಿನ ಕಂತೆ ಹೊತ್ತು ಹೊರಡುತ್ತಿದ್ದನಂತೆ. ಮುನೇಶ್ವರನ ಕಲ್ಲಿನ ಹತ್ತಿರ ಒಂದು ಗುಳಿ, ನೀರಿನ ಕುಂಟೆಯ ಏರಿಯ ಕೆಳಗೆ ಒಂದು ಗುಳಿ, ಯಾರದೋ ತಿಪ್ಪೆಯ ಪಕ್ಕ ಇನ್ನೊಂದು ಗುಳಿ. ಅವನು ಹೊಡೆದ ಚೆಂಡು ಕುಂಟೆ ದಾಟಿ, ಬಂಡೆ ದಾಟಿ, ಪಕ್ಕದೂರಿನ ಕಣಕ್ಕೆ ಬಿದ್ದಿತ್ತು ಅಂತ ಹೇಳುತ್ತಾರೆ. ಹಾರುವ ಗಿಳಿಗೆ ತಾಗಿ ಗಿಳಿಯೂ ಚೆಂಡೂ ಒಟ್ಟಿಗೆ ಗುಳಿಗೆ ಬಿದ್ದವು ಅಂತಲೂ ಹೇಳುತ್ತಾರೆ. ನಾನು ಹೇಳಿದ್ದಲ್ಲ. ಈ ಊರಲ್ಲಿ ಸುಳ್ಳು ಹೇಳುವುದಕ್ಕೆ ಸೋಮಾರಿತನ ಯಾರಿಗೂ ಇಲ್ಲ.

ಈಗ ಆ ಮಾತಿಗೆ ಬರುತ್ತೇನೆ. ದೊರೆಗಳು ಚೆಂಡು ಹೊಡೆಯುವಾಗ ಎದುರಿಗೆ ಯಾರಾದರೂ ಇದ್ದರೆ 'ಫೋರ್' ಅಂತ ಕೂಗುತ್ತಿದ್ದರಂತೆ. ಮುಂದಿರುವವರೇ, ಜೋಪಾನ ಅಂತ ಅದರ ಅರ್ಥವಂತೆ. ಬ್ಯಾಟಪ್ಪನ ಕಿವಿಗೆ ಅದು 'ಪೋರಾ' ಅಂತ ಬಿತ್ತು. ನಮ್ಮ ಕಡೆ ಅರ್ಧ ಮಾತು ತೆಲುಗು, ನಿಮಗೂ ಗೊತ್ತಲ್ಲ. ಚೆಂಡು ಬಂದರೆ ತೊಲಗಬೇಕು, ಅದಕ್ಕೇ ದೊರೆಗಳು ತೊಲಗೋ ಅನ್ನುತ್ತಾರೆ, ಎಷ್ಟು ಸರಿಯಾದ ಮಾತು ಅಂದುಕೊಂಡನಂತೆ. ಅದನ್ನೇ ಹಿಡಿದುಬಿಟ್ಟ. ಹೊಲಕ್ಕೆ ಹೊರಟ ದೊಡ್ಡವರಿಗೆ ಪೋರಾ. ಪೂಜೆಗೆ ನೀರು ತರುವ ಅರ್ಚಕರಿಗೆ ಪೋರಾ. ಅವನ ಸ್ವಂತ ಮಾವ ಮಗಳನ್ನು ನೋಡಲು ಬಂದರೆ ಅವರಿಗೂ ಪೋರಾ.

ನ್ಯಾಯ ಸೇರಿತಂತೆ. ಚೆಂಡು ಹೊಡೆಯುವುದನ್ನಾದರೂ ಬಿಡು, ಕೂಗುವುದನ್ನಾದರೂ ಬಿಡು ಅಂದರಂತೆ ಹಿರಿಯರು. ಕೂಗದೆ ಹೊಡೆದರೆ ಪಾಪ ಬರುತ್ತದೆ, ಚೆಂಡಿಗೆ ಕಣ್ಣಿದೆಯಾ ಅಂತ ಇವನು ಅವರನ್ನೇ ಕೇಳಿದನಂತೆ. ಹಾಗಾದರೆ ಹೊಡೆಯಬೇಡ ಅಂದರು. ಹೊಡೆಯದಿದ್ದರೆ ಕೋಲು ಸಾಯುತ್ತದೆ ಅಂದ. ಹೀಗೇ ಮಧ್ಯಾಹ್ನವಾಯಿತಂತೆ. ಕೊನೆಗೆ ಹಿರಿಯರು ಹಸಿದು ಎದ್ದು ಹೋದರಂತೆ. ಹೋಗುವಾಗ ಹಿಂದಿನಿಂದ ಅವರಿಗೂ ಕೂಗಿದ ಅಂತ ಕೆಲವರು ಹೇಳುತ್ತಾರೆ.

ಇಷ್ಟೂ ನಗುವ ಮಾತೇ. ಆದರೆ ಅವನಿಗೊಬ್ಬಳು ಮಗಳಿದ್ದಳು, ಆಂಜಿನಮ್ಮ. ಗುಣವಂತೆ, ಕೆಲಸಗಾತಿ, ಅಪ್ಪನ ಪಕ್ಷವನ್ನೂ ಬಿಡಲಾರಳು, ಅಮ್ಮನ ಪಕ್ಷವನ್ನೂ ಬಿಡಲಾರಳು. ಮದುವೆಯ ವಯಸ್ಸು ಬಂತು, ವಯಸ್ಸು ದಾಟಿತು, ಸಂಬಂಧ ಮಾತ್ರ ಕೂಡಿಬರಲಿಲ್ಲ. ಅದು ಪೋರಾ ಮನೆ, ಹೋದರೆ ಮರ್ಯಾದೆ ಕಳೆಯುತ್ತಾರೆ ಅಂತ ಸುತ್ತಮುತ್ತಲೆಲ್ಲ ಹೆಸರಾಗಿತ್ತು. ಬಂದ ಒಬ್ಬರು ದಾರಿಯಲ್ಲೇ ಆ ಕೂಗು ಕೇಳಿ ಹಿಂದಕ್ಕೆ ಹೋದರು. ಇನ್ನೊಬ್ಬರು ಹೊರಡುವ ಮೊದಲೇ ನಿಂತರು. ಜೊತೆಯವರೆಲ್ಲ ಮಕ್ಕಳನ್ನು ಎತ್ತಿಕೊಂಡು ತವರಿಗೆ ಬರುವಾಗ ಆಂಜಿನಮ್ಮ ಬಾವಿಗೆ ಹೋಗುವ ಹೊತ್ತನ್ನೇ ಬದಲಿಸಿಕೊಂಡಿದ್ದಳಂತೆ, ಯಾರೂ ಎದುರಾಗದಿರಲಿ ಅಂತ. ಗಂಗುಲಮ್ಮನಿಗೆ ಅದು ಗೊತ್ತಿತ್ತು.

ಕಡೆಗೆ ದೂರದ ಊರಿನ ಕದಿರಪ್ಪ ಅನ್ನುವವರು ತಮ್ಮ ಮಗನಿಗೆ ಹೆಣ್ಣು ನೋಡಲು ಬರುತ್ತೇವೆ ಅಂತ ಹೇಳಿ ಕಳಿಸಿದರಂತೆ. ಅವರಿಗೆ ಈ ಮನೆಯ ಹೆಸರು ಇನ್ನೂ ತಲುಪಿರಲಿಲ್ಲ. ಇದೂ ತಪ್ಪಿದರೆ ಇನ್ನಿಲ್ಲ ಅಂತ ಗಂಗುಲಮ್ಮನಿಗೆ ಗೊತ್ತಾಯಿತು. ಅವಳು ಗಂಡನನ್ನು ಮಗಳ ಎದುರಿಗೆ ನಿಲ್ಲಿಸಿದಳು.

"ಯೋ, ಇವಳ ತಲೆ ಮುಟ್ಟು. ಇನ್ಮೇಲೆ ಆ ಮಾತು ಬಾಯಲ್ಲಿ ಬರಕಿಲ್ಲ ಅಂತ ಆಣೆ ಮಾಡು."

ಬ್ಯಾಟಪ್ಪ ಕೈಯಲ್ಲಿದ್ದ ಕೋಲು ಗೋಡೆಗೆ ಒರಗಿಸಿದನಂತೆ. ಆಮೇಲೆ ಮುಟ್ಟಿದನಂತೆ. ಆಣೆ ಮಾಡಿದ ಮೇಲೂ ಅವಳಿಗೆ ನಂಬಿಕೆ ಇಲ್ಲ. ಇದ್ದಬದ್ದ ಕೋಲುಗಳನ್ನೆಲ್ಲ ಕಂತೆ ಕಟ್ಟಿ, ರಾಗಿ ತುಂಬಿಡುವ ಹಗೇವಿನೊಳಗೆ ಇಳಿಸಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದಳಂತೆ. ಎಲ್ಲ ಕೋಲೂ ನೆನಪಿತ್ತು ಅವಳಿಗೆ. ದಿನಾ ತನ್ನ ಕೈಯಲ್ಲೇ ಇರುತ್ತಿದ್ದ ನೀರೊಲೆಯ ಮಾಸಿ ಒಂದು ನೆನಪಾಗಲಿಲ್ಲ.

ಆ ದಿನ ಬಂತು. ಬೀಗರು ಬರುವುದು ತಡವಾಯಿತು. ನೀರೊಲೆಯ ಬೆಂಕಿ ಮುಂದಕ್ಕೆ ತಳ್ಳು ಅಂತ ಗಂಗುಲಮ್ಮನೇ ಗಂಡನನ್ನು ಕಳಿಸಿದಳಂತೆ. ಅವನು ಹೋದ. ಕೋಲು ನೋಡಿದ. ಎಷ್ಟು ಕಾಲದ ಮೇಲೆ ಕೈಗೆ ಸಿಕ್ಕಿದ ಕೋಲು. ಸೊಂಟದ ಚೀಲದಲ್ಲಿ ಚೆಂಡು ಯಾವಾಗಲೂ ಇದ್ದೇ ಇರುತ್ತಿತ್ತು. ಒಂದೇ ಒಂದು ಏಟು ಅಂದುಕೊಂಡನಂತೆ. ಗಂಡಸರ ಈ ಒಂದೇ ಒಂದರಿಂದ ಎಷ್ಟು ಮನೆ ಹಾಳಾಗಿವೆಯೋ.

ಹಿತ್ತಿಲ ದಿಣ್ಣೆಯ ಮೇಲೆ ನಿಂತು ಹೊಡೆದ. ಆಣೆಯಿತ್ತಲ್ಲ, ಜೀವನದಲ್ಲಿ ಮೊದಲ ಸಲ ಕೂಗದೆ ಹೊಡೆದ. ಕೋಲು ಅಂಗೈಗೆ ಮಾತಾಡಿತಂತೆ, ಹಿಂದೆಂದೂ ಆಡದಷ್ಟು ಒಳ್ಳೆಯ ಮಾತು. ಚೆಂಡು ಮೇಲಕ್ಕೆ ಹೋಯಿತು. ಹೋಗುತ್ತಲೇ ಇರುವಾಗ ಕುಂಟೆಯ ಏರಿಯ ಹಿಂದಿನಿಂದ ಎತ್ತಿನ ಗಾಡಿ ಮೇಲಕ್ಕೆ ಬಂತು. ಗಾಡಿಯ ಮುಂದೆ ರುಮಾಲು ಸುತ್ತಿ, ಮಡಿಲಲ್ಲಿ ತೆಂಗಿನಕಾಯಿಯ ತಟ್ಟೆ ಇಟ್ಟುಕೊಂಡು ಕದಿರಪ್ಪನವರು ಕೂತಿದ್ದರು. ಬ್ಯಾಟಪ್ಪನ ಬಾಯಿ ತೆರೆಯಿತಂತೆ. ಮಾತು ಬರಲಿಲ್ಲ. ಮಗಳ ತಲೆ ಮುಟ್ಟಿದ ಕೈಯಲ್ಲೇ ಕೋಲು ಹಿಡಿದುಕೊಂಡು, ಬಾಯಿ ತೆರೆದುಕೊಂಡು ನಿಂತುಬಿಟ್ಟನಂತೆ.

ಗಂಗುಲಮ್ಮ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ಮೇಲೆ ಚೆಂಡು ನೋಡಿದಳು, ಕೆಳಗೆ ಗಾಡಿ ನೋಡಿದಳು, ದಿಣ್ಣೆಯ ಮೇಲೆ ಬಾಯಿ ತೆರೆದು ನಿಂತ ಗಂಡನನ್ನು ನೋಡಿದಳು. ಕೂಗಿದರೆ ಮಗಳ ಬಾಳು ಅಲ್ಲಿಗೆ ಮುಗಿಯಿತು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

"ಪೋರಾ!"

ಕೂಗಿದ್ದು ಅವಳು. ಬ್ಯಾಟಪ್ಪ ಕೂಗಿದ ಅಂತ ನಮ್ಮ ಗಂಡಸರು ಕತೆ ಕಟ್ಟಿದ್ದಾರೆ, ಅದನ್ನು ನಂಬಬೇಡಿ. ಕುಂಟೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವಂತೆ. ಕದಿರಪ್ಪನವರ ಮೈ ಉರಿದುಹೋಯಿತು. ತಟ್ಟೆಯನ್ನು ಕೂತ ಜಾಗದಲ್ಲೇ ಕುಕ್ಕಿ, ಯಾರೋ ಅದು ಅಂತ ಎಕ್ಕಡ ಬಿಚ್ಚಿಕೊಂಡು ಗಾಡಿಯಿಂದ ಕೆಳಕ್ಕೆ ಧುಮುಕಿದರಂತೆ. ಅವರ ಕಾಲು ನೆಲ ಮುಟ್ಟುವುದಕ್ಕೂ ಚೆಂಡು ಬಂದು ಆ ತೆಂಗಿನಕಾಯಿಗೆ ಬಡಿಯುವುದಕ್ಕೂ ಸರಿಹೋಯಿತು. ಕಾಯಿ ಒಡೆದು ಎರಡು ಸಮ ಹೋಳಾಯಿತು ಅಂತ ಹೇಳುತ್ತಾರೆ. ಸಮವೋ ಅಲ್ಲವೋ, ಒಡೆದದ್ದಂತೂ ನಿಜ.

ಕದಿರಪ್ಪನವರು ಕಾಯಿ ನೋಡಿದರಂತೆ. ತಾವು ಕೂತಿದ್ದ ಜಾಗ ನೋಡಿದರಂತೆ. ಎಕ್ಕಡ ಕೆಳಗೆ ಹಾಕಿ ಮನೆಯ ಮುಂದಕ್ಕೆ ಬಂದರು.

"ಯಾರಮ್ಮಾ ಕೂಗಿದ್ದು?"

"ನಾನೇ ಕಣಪ್ಪ."

"ಬೀಗತನಕ್ಕೆ ಬಂದೋರಿಗೆ ಹಂಗಂದ್ರೆ ಸಂಬಂಧ ಮುರೀತದೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ ಕೂಗಿದ್ಯಾ?"

"ತಲೆ ಒಡೆದ ಬೀಗರನ್ನ ಇಟ್ಕೊಂಡು ನಾನೇನಪ್ಪಾ ಮಾಡ್ಲಿ?" ಅಂದವಳು, ಆರತಿ ತಟ್ಟೆ ಕೆಳಗಿಟ್ಟು ಅಳುವುದಕ್ಕೆ ಶುರುಮಾಡಿದಳಂತೆ. ಅಳುತ್ತಲೇ ಗಂಡನನ್ನು ಬೈದಳಂತೆ. ಕೋಳಿಯಿಂದ ಶುರುಮಾಡಿ, ಕಡಲೆಕಾಯಿ, ಹಂಡೆ, ಹುಚ್ಚೆಳ್ಳೆಣ್ಣೆ, ಬಾವಿಗೆ ಹೊತ್ತಲ್ಲದ ಹೊತ್ತಲ್ಲಿ ಹೋಗುವ ಮಗಳವರೆಗೆ ಒಂದೂ ಬಿಡದೆ ಹೇಳಿಕೊಂಡಳಂತೆ. ಕದಿರಪ್ಪನವರು ಜಗಲಿಯ ಮೇಲೆ ಕೂತು ಪೂರ್ತಿ ಕೇಳಿದರು. ಕೇಳಿ, ಅರ್ಧ ಕಾಯಿ ಅವಳ ತಟ್ಟೆಗೆ ಇಟ್ಟರಂತೆ. ಮುಖವೇ ಕಾಣದ ನನ್ನ ತಲೆ ಉಳಿಸಲು ಮಗಳ ಸಂಬಂಧವನ್ನೇ ಬಿಟ್ಟುಕೊಟ್ಟ ಹೆಂಗಸಿನ ಮಗಳು ನನ್ನ ಮನೆಗೆ ಬರಲಿ, ಬೇರೆ ಏನೂ ವಿಚಾರಿಸುವುದಿಲ್ಲ ಅಂದರಂತೆ. ಆಂಜಿನಮ್ಮ ಆ ಮನೆಗೆ ಸೊಸೆಯಾಗಿ ಹೋದಳು, ಚೆನ್ನಾಗಿ ಬಾಳಿದಳು.

ಬ್ಯಾಟಪ್ಪ ಕೋಲು ಬಿಟ್ಟನಾ? ಬಿಡಲಿಲ್ಲ. ಹಗೇವಿನಿಂದ ಎಲ್ಲವನ್ನೂ ಮೇಲಕ್ಕೆ ತೆಗೆದ. ಆದರೆ ಆಣೆ ಆಣೆಯೇ ಅಲ್ಲವೇ, ಕೂಗುವಂತಿಲ್ಲ. ಕೂಗದೆ ಹೊಡೆಯುವಂತೆಯೂ ಇಲ್ಲ. ಮುಖ ಇಳಿಬಿಟ್ಟು ಕೂತಿದ್ದನಂತೆ. ನೋಡಲಾರದೆ ಗಂಗುಲಮ್ಮನೇ ಸೆರಗು ಸಿಕ್ಕಿಸಿಕೊಂಡು ಅವನ ಜೊತೆ ಹೊರಟಳು. ಅಂದಿನಿಂದ ಸಾಯುವವರೆಗೂ ಅವನು ಹೊಡೆಯುವುದು, ಅವಳು ಕೂಗುವುದು. ಪೋರಾ ಅಂತ ಊರವರಿಗೆ ಒಂದು ಕೂಗು, ಆಮೇಲೆ ನಿನ್ನ ಕೋಲಿಗಿಷ್ಟು ಬೆಂಕಿ ಹಾಕ ಅಂತ ಅವನಿಗೆ ಒಂದು ಬೈಗುಳ. ಅವಳು ಸತ್ತ ಮೇಲೆ ಅವನು ಒಂದು ಚೆಂಡನ್ನೂ ಹೊಡೆಯಲಿಲ್ಲವಂತೆ. ಹೇಗೆ ಹೊಡೆಯುತ್ತಾನೆ, ಕೂಗುವವರು ಯಾರು? ಇದನ್ನು ಹೇಳುವಾಗ ಮಾತ್ರ ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ.

ಉಳಿದ ಕೋಲುಗಳು ಗೆದ್ದಲಿಗೆ ಹೋದವು, ಮಾಸಿ ಉಳಿಯಿತು. ಅಗೋ ನೋಡಿ, ನನ್ನ ಸೊಸೆಯ ಕೈಯಲ್ಲಿದೆ, ಮಸಿಯ ತುದಿಯದು. ಈ ಊರಿಗೆ ಗಂಡಿನ ಕಡೆಯವರು ಬಂದಾಗಲೆಲ್ಲ ಹೆಣ್ಣಿನ ತಾಯಿ ಅದನ್ನು ಹಿಡಿದು ಪೋರಾ ಅಂತ ಕೂಗಬೇಕು, ಬೀಗರು ಕೂತ ಕಡೆಯಿಂದ ಇಳಿಯಬೇಕು, ಅದೇ ಕೋಲಿನಿಂದ ಕಾಯಿ ಒಡೆದು ಅರ್ಧ ಅವರಿಗೆ, ಅರ್ಧ ನಮಗೆ. ಹೋಗು ಅಂತ ಅರ್ಥವಲ್ಲ ಬೀಗರೇ. ನಿಮಗೆ ಪೆಟ್ಟಾಗದಿರಲಿ, ನನ್ನ ಮಗಳ ಸಂಬಂಧ ಮುರಿದರೂ ಮುರಿಯಲಿ ಅಂತ ಅರ್ಥ. ಅದನ್ನು ಕೂಗಬೇಕಲ್ಲ ಅಂತ ಹೆದರಿ ಇವಳು ನಿನ್ನೆಯಿಂದ ಊಟ ಮಾಡಿಲ್ಲ.

ಇನ್ನೂ ಸಿಟ್ಟು ಹೋಗಿಲ್ಲವೇ? ಪರವಾಗಿಲ್ಲ, ಸಿಟ್ಟಿನಲ್ಲೇ ಇಳಿಯಿರಿ. ಕದಿರಪ್ಪನವರೂ ಸಿಟ್ಟಿನಲ್ಲೇ ಇಳಿದದ್ದು.