ಕಹಳೆಯ ಮುಂದಿನ ಕತ್ತೆ

“ಮಾಸ್ತರ, ಈ ಮೂರನೇ ಸ್ಪೀಕರೇ ಇರಲೋ, ಇದಕ್ಕಿಂತ ಚೂಪಂದು ಇನ್ನೊಂದು ತರಲೋ?” ಎಂದು ಫಕೀರೇಶ ಕೇಳಿದ.

ದೇವದಾನ ಮಾಸ್ತರರು ಚುರುಮುರಿ ತಿನ್ನುತ್ತಿದ್ದರು. ಅವರು ಬೆಟಗೇರಿಯಲ್ಲಿ ಗಿಟಾರ್ ಕಲಿಸುವವರು. ಕಲಿಸುವುದಕ್ಕಿಂತ ಹೆಚ್ಚು ಕತೆ ಹೇಳುವವರು. ಅವರ ಕತೆಗಳಲ್ಲಿ ಅರ್ಧ ಸುಳ್ಳು ಎಂದು ಓಣಿಗೆಲ್ಲ ಗೊತ್ತಿತ್ತು. ಯಾವ ಅರ್ಧ ಎಂದು ಕೇಳಿದವರಿಗೆ, “ದೊಡ್ಡ ಅರ್ಧ” ಎನ್ನುತ್ತಿದ್ದರು. ಹಾಗಿದ್ದೂ ಶಿಷ್ಯರು ಅವರನ್ನು ಬಿಟ್ಟಿರಲಿಲ್ಲ. ಸಣ್ಣ ಅರ್ಧ ಯಾವಾಗ ಬರುತ್ತದೆಂದು ಹೇಳಲು ಬರುತ್ತಿರಲಿಲ್ಲವಲ್ಲ.

“ಮೊದಲಿಂದ ಹೇಳು,” ಎಂದರು ಮಾಸ್ತರರು.

ಫಕೀರೇಶ ಮೊದಲಿನಿಂದ ಹೇಳಿದ. ಅವನು ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವನು. ಗಿಟಾರಿನ ಸ್ವರ ಹೊರಬರುವುದು ಮೊಣಕಾಲೆತ್ತರದ ಒಂದು ಮರದ ಪೆಟ್ಟಿಗೆಯಿಂದ. ಪೆಟ್ಟಿಗೆಯೊಳಗೆ ಒಂದೇ ಒಂದು ಸ್ಪೀಕರ್. ಹೋದ ಮದುವೆಯ ಹಂಗಾಮಿನಲ್ಲಿ ಯಾರೋ ಊಟದ ಅವಸರಕ್ಕೆ ಕುರ್ಚಿ ಎಳೆದರು. ಕುರ್ಚಿಯ ಕಾಲು ಪೆಟ್ಟಿಗೆಯ ಮುಂದಿನ ಬಟ್ಟೆಯನ್ನು ತೂರಿ ಸ್ಪೀಕರಿನ ಕಾಗದವನ್ನು ಹರಿದುಹಾಕಿತು. ಕುರ್ಚಿಯವರು ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ಅವರಿಗೆ ಗೊತ್ತೇ ಆಗಲಿಲ್ಲ. ಹುಬ್ಬಳ್ಳಿಯ ಅಂಗಡಿಯವನು ಫಕೀರೇಶನ ಗೆಳೆಯ. ಬೇರೆ ಬೇರೆ ಸ್ಪೀಕರ್ ಒಯ್ದು ಹಾಕಿ ನೋಡು, ಮನಸ್ಸಿಗೆ ಬಂದದ್ದನ್ನು ಇಟ್ಟುಕೋ, ಉಳಿದದ್ದು ತಿರುಗಿ ಕೊಡು ಎಂದಿದ್ದ.

“ಮೊದಲನೇದು ದೊಡ್ಡ ಮ್ಯಾಗ್ನೆಟ್ಟಿಂದು,” ಎಂದ ಫಕೀರೇಶ. “ಬೆಲ್ಲದ ಪಾಕ ಇದ್ದಂಗ ಐತ್ರಿ. ಆದ್ರ ನಿಂತು ಬಾರಿಸಿದ್ರ ಸ್ವರ ಕಂಬಳಿ ಹೊದ್ಕೊಂಡು ಮಲಗಿದಂಗ ಕೇಳತೈತಿ. ಎರಡನೇದು ಕಟಕ ರೊಟ್ಟಿ ಇದ್ದಂಗ. ಗರಿಗರಿ ಐತಿ, ಆದ್ರೂ ಕಂಬಳಿ ಪೂರಾ ಸರಿದಿಲ್ಲ. ಮೂರನೇದು ಹಸಿಮೆಣಸಿನಕಾಯಿ ಚಟ್ನಿ. ಇದರಾಗ ಸ್ವರ ಎದ್ದು ಕುಂತೈತಿ. ಇನ್ನೊಂಚೂರು ಎದ್ರ ಸಾಕು.”

“ಪಾಠಕ್ಕ ಬಂದೀಯೋ, ಊಟಕ್ಕ ಬಂದೀಯೋ?”

“ಪಾಠಕ್ರೀ.”

“ಹಂಗಾರ ಶಿವಲೀಲಾ ಏನಂತಾಳ, ಅದನ್ನ ಹೇಳು.”

ಫಕೀರೇಶ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಆ ಕೈಯಿಂದ ಈ ಕೈಗೆ ಹಾಕಿಕೊಂಡ. ಅವನು ಕೇಳಲು ಬಂದದ್ದು ಅದನ್ನೇ. ಆದರೆ ಕೇಳಬಾರದೆಂದುಕೊಂಡು ಬಂದಿದ್ದ. ಕೊನೆಗೆ ಅದನ್ನೂ ಹೇಳಿದ.

ಶಿವಲೀಲಾ ಅವನ ಹೆಂಡತಿ. ಅವನು ಮನೆಯಲ್ಲಿ ಅಭ್ಯಾಸಕ್ಕೆ ನಿಂತಾಗ ಅವಳು ಅಡಿಗೆಮನೆಯ ಹೊಸ್ತಿಲಿಗೆ ಬಂದು ಕೂಡುತ್ತಿದ್ದಳು. ಆ ಗೋಡೆಗೆ ಪೆಟ್ಟಿಗೆ, ಈ ಗೋಡೆಗೆ ಹೊಸ್ತಿಲು, ನಡುವೆ ಒಂದು ಚಾಪೆಯಷ್ಟು ಜಾಗ. ಮೊರದಲ್ಲಿ ಮೆಂತ್ಯದ ಸೊಪ್ಪು ಇಟ್ಟುಕೊಂಡು ಸೋಸುತ್ತಿದ್ದಳು. ವಾಹ್ ಎನ್ನುತ್ತಿರಲಿಲ್ಲ, ತಲೆದೂಗುತ್ತಿರಲಿಲ್ಲ. ಅವನು ಸ್ವರ ತಪ್ಪಿದರೆ ಅವಳ ಕೈ ನಿಲ್ಲುತ್ತಿತ್ತು. ಸರಿಹೋದರೆ ಮುಂದಿನ ಕಡ್ಡಿಗೆ ಹೋಗುತ್ತಿತ್ತು. ಅಷ್ಟೇ. ಮದುವೆಯಾದಂದಿನಿಂದ ಅವನು ಅಭ್ಯಾಸ ಮಾಡಿದ್ದು ಆ ಕೈಯನ್ನು ನೋಡಿಕೊಂಡು.

ಮೊದಲನೆಯ ಸ್ಪೀಕರ್ ಹಾಕಿದ ದಿನ ಅವಳು ಮೊರ ಎತ್ತಿಕೊಂಡು ಅಡಿಗೆಮನೆಯ ಒಳಗೆ ಹೋದಳು. ಎರಡನೆಯದು ಹಾಕಿದಾಗ ಹಿತ್ತಲಿಗೆ ಹೋದಳು. ಮೂರನೆಯದು ಹಾಕಿದ ಮೇಲೆ ಪಕ್ಕದ ಮನೆಯ ಕಾಶವ್ವನ ಕಟ್ಟೆಗೆ ಹೋಗಿ ಕೂಡತೊಡಗಿದಳು. ಹೋಗುವ ಮುಂಚೆ ಅವನಿಗೆ ಚಹಾ ಇಟ್ಟು, ಪೆಟ್ಟಿಗೆಯ ಮೇಲಿನ ಧೂಳು ಸೆರಗಿನಿಂದ ಒರೆಸಿ ಹೋಗುತ್ತಿದ್ದಳು. ಯಾಕೆಂದು ಕೇಳಿದರೆ, ಅಲ್ಲಿ ಗಾಳಿ ಚಲೋ ಬರುತ್ತದೆ ಎನ್ನುತ್ತಿದ್ದಳು.

“ನಮ್ಮ ಓಣ್ಯಾಗ ಗಾಳಿನ ಇಲ್ರಿ,” ಎಂದ ಫಕೀರೇಶ. “ನಾ ಬಾರಿಸಿದ್ದು ಆಕೀಗೆ ಸ್ಪಷ್ಟ ಮುಟ್ಟವಲ್ದು. ಕಂಬಳಿ ಒಳಗಿನ ಸ್ವರ ಯಾರು ಕೇಳ್ತಾರ? ಅದಕ್ಕ ಬ್ಯಾಸತ್ತು ಹೋಗ್ತಾಳ. ಒಂದು ಚಲೋ ಸ್ಪೀಕರ್ ಕೂಡ್ತಂದ್ರ ತಿರುಗಿ ಬಂದು ಕೂಡ್ತಾಳ್ರಿ. ಆಕಿ ಎದುರಿಗೆ ಇರಲಿಲ್ಲಂದ್ರ ನನಗ ಬಾರಿಸಾಕ ಬರೂದಿಲ್ಲ. ಮೊನ್ನೆ ಲಗ್ನದಾಗ ಹಳೇ ಹಾಡೇ ತಪ್ಪಿದೆ.”

ಮಾಸ್ತರರು ಚುರುಮುರಿಯ ಪೊಟ್ಟಣ ಮಡಚಿ ಕಿಸೆಯಲ್ಲಿಟ್ಟರು. ಅದು ಅವರಿಗೆ ಸಿಟ್ಟು ಬಂದಾಗಿನ ಅಥವಾ ಪ್ರೀತಿ ಬಂದಾಗಿನ ಲಕ್ಷಣ. ಯಾವುದೆಂದು ಶಿಷ್ಯರಿಗೆ ಆಮೇಲೆ ತಿಳಿಯುತ್ತಿತ್ತು.

“ಬಾರಿಸು, ಕೇಳೋಣು.”

ಫಕೀರೇಶ ಪೆಟ್ಟಿಗೆಯನ್ನು ಟಂಟಂ ಆಟೊದಲ್ಲಿ ಹೇರಿಕೊಂಡೇ ಬಂದಿದ್ದ. ವೈರು ಜೋಡಿಸಿದ. ಗಿಟಾರ್ ಹೆಗಲಿಗೆ ಹಾಕಿಕೊಂಡು ಪೆಟ್ಟಿಗೆಯ ಪಕ್ಕಕ್ಕೆ ನಿಂತ. ಅಷ್ಟರಲ್ಲಿ ಮಾಸ್ತರರು ತಮ್ಮ ಕುರ್ಚಿ ಎತ್ತಿಕೊಂಡು ಪೆಟ್ಟಿಗೆಯ ಹಿಂದಕ್ಕೆ ಹೋಗಿ, ಗೋಡೆಗೆ ಆತು ಕೂತರು.

“ಅಲ್ಲಿ ಯಾಕ್ರೀ?”

“ಇಲ್ಲಿ ಗಾಳಿ ಚಲೋ ಬರತೈತಿ.”

ಫಕೀರೇಶ ನಕ್ಕ. ಮಾಸ್ತರರು ಒಮ್ಮೆ ಮಂಚದ ಕೆಳಗೆ ಮಲಗಿ ಪಾಠ ಕೇಳಿದ್ದರು. ಇದೂ ಅಂಥದೇ ಒಂದು ಹುಚ್ಚಾಟವಿರಬೇಕು ಎಂದುಕೊಂಡ. ಬಾರಿಸಿದ. ಸ್ವರ ಅವನ ಮೊಣಕಾಲನ್ನು ದಾಟಿಕೊಂಡು ಎದುರಿನ ಗೋಡೆಗೆ ಹೋಯಿತು. ಅವನಿಗೆ ಇನ್ನೂ ಸ್ವಲ್ಪ ಮಂಕೆನ್ನಿಸಿತು.

“ಕೇಳಿದ್ರಲ್ಲ? ಇನ್ನೊಂಚೂರು ಚೂಪು ಬೇಕೋ ಬ್ಯಾಡೋ?”

“ಒಂದು ಕತಿ ಕೇಳು,” ಎಂದರು ಮಾಸ್ತರರು, ಪೆಟ್ಟಿಗೆಯ ಹಿಂದಿನಿಂದಲೇ.

ಒಂದೂರಿನಲ್ಲಿ ಒಬ್ಬ ಕಹಳೆ ಊದುವವನಿದ್ದ. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಒಂದು ಕತ್ತೆ ಇತ್ತು. ಮೆರವಣಿಗೆ ಎಲ್ಲಿದ್ದರೆ ಅಲ್ಲಿಗೆ ಇಬ್ಬರೂ ಹೋಗುತ್ತಿದ್ದರು. ದಾರಿ ಗೊತ್ತಿದ್ದದ್ದು ಕತ್ತೆಗೆ. ಆದ್ದರಿಂದ ಗಂಟುಮೂಟೆ ಹೊತ್ತು ಕತ್ತೆ ಮುಂದೆ, ಕಹಳೆ ಹಿಡಿದು ಇವನು ಹಿಂದೆ. ನಡೆಯುತ್ತಲೇ ಊದುತ್ತಿದ್ದ. ಕತ್ತೆ ಕಿವಿ ಅಲ್ಲಾಡಿಸಿದರೆ ತಪ್ಪಿತೆಂದು ತಿಳಿಯುತ್ತಿದ್ದ. ಅಲ್ಲಾಡಿಸದೆ ನಡೆದರೆ ಸರಿಹೋಯಿತೆಂದು ತಿಳಿಯುತ್ತಿದ್ದ. ಅವನಿಗೆ ಬೇರೆ ರಸಿಕರು ಬೇಕಾಗಿರಲಿಲ್ಲ.

ಒಂದು ದಿನ ರಾಜನ ಆನೆ ಬಂದು ಕಹಳೆಯ ಮುಂದಿನ ಅಗಲ ಬಾಯಿಯ ಮೇಲೆ ಕಾಲಿಟ್ಟಿತು.

“ರಾಜನ ಆನಿ ಅಲ್ಲಿಗ್ಯಾಕ ಬಂತ್ರಿ?” ಎಂದ ಫಕೀರೇಶ.

“ನಿನ್ನ ಪೆಟ್ಟಿಗ್ಯಾಗ ಕುರ್ಚಿ ಯಾಕ ಬಂತು? ಕತಿಗೆ ಕುರ್ಚಿ ಸಣ್ಣದಾತು ಅಂತ ಆನಿ ಹಾಕೀನಿ. ನಡಬರಕ ಬಾಯಿ ಹಾಕಬ್ಯಾಡ.”

ಕಹಳೆಯ ಬಾಯಿ ಚಪ್ಪಟೆಯಾಯಿತು. ಊದುವವನು ಕಂಚುಗಾರನ ಬಳಿಗೆ ಹೋದ. ಕಂಚುಗಾರ ಹಳೆಯ ಬಾಯಿ ತೆಗೆದು ಹೊಸದೊಂದು ಕೂರಿಸಿ ಕೊಟ್ಟ. ಊದುವವನು ಊದಿ ನೋಡಿದ. ದನಿ ದಪ್ಪಗಿದೆ, ಇನ್ನೂ ಬಿಡಿಸಿ ಕೇಳಬೇಕು ಎನ್ನಿಸಿತು. ಆ ದಿನ ಕತ್ತೆ ಎಂದಿಗಿಂತ ಸ್ವಲ್ಪ ಮುಂದಾಗಿ ನಡೆಯಿತು. ಪಾಪ, ಅದಕ್ಕೂ ಹಿಡಿಸಲಿಲ್ಲ ಎಂದುಕೊಂಡ. ಇನ್ನೊಂದು ಬಾಯಿ ಮಾಡಿಸಿದ. ಅದು ಮೊದಲಿನದಕ್ಕಿಂತ ಹರಿತವಾಗಿತ್ತು. ಊದಿ ನೋಡಿದ, ಎರಡನ್ನೂ ಹೋಲಿಸಿ ನೋಡಿದ, ಇನ್ನೂ ಸಾಲದು ಎಂದ. ಆ ದಿನ ಕತ್ತೆ ಹೊಲದಷ್ಟು ದೂರ ಮುಂದೆ ಹೋಯಿತು. ಮೂರನೆಯದು ಮಾಡಿಸಿದ. ಅದು ಸೂಜಿಯಂತಿತ್ತು. ಅವನಿಗೆ ಅದೇ ಸ್ವಲ್ಪ ಸಮಾಧಾನ. ಹುಮ್ಮಸ್ಸಿನಿಂದ ಊದಿದ. ಕತ್ತೆ ಊರ ಗಡಿಕಲ್ಲು ದಾಟಿಹೋಯಿತು.

ಫಕೀರೇಶ ತಡೆಯಲಾರದೆ ಹೇಳಿದ: “ಮಾಸ್ತರ, ನೀವು ನನ್ನ ಹೆಂಡ್ತೀನ ಕತ್ತೆ ಅಂತೀರೇನು?”

“ಈ ಕತಿಯೊಳಗ ಕತ್ತೆ ಯಾರು ಅನ್ನೂದು ಇನ್ನೂ ಇತ್ಯರ್ಥ ಆಗಿಲ್ಲ. ಸುಮ್ನ ಕೇಳು.”

ಊದುವವನು ಕಣ್ಣೀರು ಹಾಕಿಕೊಂಡು ಕಂಚುಗಾರನ ಬಳಿಗೆ ಬಂದ. “ನಾಲ್ಕನೆಯದು ಮಾಡಿಕೊಡು. ಇದಕ್ಕಿಂತ ಹರಿತವಾಗಿರಲಿ. ಕತ್ತೆ ಎಷ್ಟು ದೂರ ಹೋದರೂ ನನ್ನ ದನಿ ಅದಕ್ಕೆ ಮುಟ್ಟಬೇಕು,” ಎಂದ.

ಕಂಚುಗಾರ ಸುತ್ತಿಗೆ ಕೆಳಗಿಟ್ಟು ಕೇಳಿದ: “ಈ ಬಾಯಿಯ ಮುಂದೆ ನೀನು ಎಂದಾದರೂ ನಿಂತಿದ್ದೀಯಾ?”

“ಅಲ್ಲಿ ನಿಂತರೆ ಊದುವವರು ಯಾರು?”

ಆ ಮಾತು ಕಂಚುಗಾರನಿಗೆ ಒಪ್ಪಿಗೆಯಾಯಿತು. ಕಹಳೆಯನ್ನು ಅವನ ಕೈಯಿಂದ ತೆಗೆದುಕೊಂಡ. “ಹೋಗಿ ಕತ್ತೆಯ ಹತ್ತಿರ ನಿಲ್ಲು,” ಎಂದ.

ಊದುವವನು ಗಡಿಕಲ್ಲು ದಾಟಿ ಹೋದ. ಕತ್ತೆ ಅಲ್ಲೇ ಇತ್ತು. ಓಡಿಹೋಗಿರಲಿಲ್ಲ. ಬೆನ್ನ ಮೇಲಿನ ಗಂಟುಮೂಟೆಯನ್ನು ಒಂದೂ ಬೀಳಿಸದೆ ಹೊತ್ತುಕೊಂಡು, ಊರ ಕಡೆ ಮುಖ ಮಾಡಿ ನಿಂತಿತ್ತು. ಇವನನ್ನು ನೋಡಿ ಬಂದು ಹೆಗಲ ಮೇಲೆ ತಲೆಯಿಟ್ಟಿತು. ಅವನು ಅದರ ಕತ್ತು ಸವರುತ್ತ, “ನನ್ನ ಮೇಲೆ ಬೇಸರವೇನೋ?” ಎಂದು ಕೇಳುತ್ತಿದ್ದ. ಆಗ ಕಂಚುಗಾರ ಊರಿನಿಂದ ಊದಿದ.

ಅಷ್ಟು ದೂರದಲ್ಲೂ ಸ್ವರ ದಬ್ಬಣದಂತೆ ಬಂತು.

ಮಾಸ್ತರರು ಕತೆ ನಿಲ್ಲಿಸಿ ಕಿಸೆಯಿಂದ ಪೊಟ್ಟಣ ತೆಗೆದು ನೋಡಿ, ಖಾಲಿಯೆಂದು ಮತ್ತೆ ಒಳಗಿಟ್ಟರು.

“ಅಂವ ಕಿವಿ ಮುಚ್ಕೊಂಡನೇನ್ರಿ?” ಎಂದ ಫಕೀರೇಶ.

“ಮುಚ್ಚಿದ. ಎರಡೂ ಕೈಲೆ ಮುಚ್ಚಿದ.” ಮಾಸ್ತರರ ದನಿಯಲ್ಲಿ ಚೇಷ್ಟೆ ಇರಲಿಲ್ಲ. “ತನ್ನವಲ್ಲ. ಕತ್ತೇವು.”

ಫಕೀರೇಶ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟುಕೊಂಡು ನಿಂತ. ಕೇಳಿದ: “ಆ ಕತ್ತೆ ಆವಾಗ್ಲೇ ಹೇಳಬಾರದಾಗಿತ್ತೇನ್ರಿ? ಹೇಳಿದ್ರ ಇಂವ ಬಿಡ್ತಿದ್ದ.”

“ಹೊಸ ಬಾಯಿ ಹಾಕಿದ ದಿನ ಇವನ ಮಾರಿ ಎಷ್ಟು ಅರಳಿತ್ತು, ಅದನ್ನ ಕತ್ತೆ ನೋಡಿತ್ತಲ್ಲ.”

“ಆಮ್ಯಾಲ ಯಾವ ಬಾಯಿ ಇಟ್ಕೊಂಡ? ಮೊದಲನೇದೋ?”

“ಗೊತ್ತಿಲ್ಲಪಾ. ಕಂಚುಗಾರನ್ನ ಕೇಳಬೇಕು. ಅಂವ ಸತ್ತು ಬಾಳ ವರ್ಷ ಆತು. ಹುಟ್ಟೇ ಇರಲಿಲ್ಲ ಅಂತನೂ ಕೆಲವರು ಅಂತಾರ.”

“ಕತಿ ಇರ್ಲಿ ಮಾಸ್ತರ. ಸಂಜೀಕ ಅಂಗಡಿಗೆ ಹೋಗಬೇಕು. ಈ ಮೂರರಾಗ ನಾ ಯಾವುದು ಇಟ್ಕೊಳ್ಳಲಿ?”

ಮಾಸ್ತರರು ಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದರು. ಫಕೀರೇಶನ ಹೆಗಲಿನಿಂದ ಗಿಟಾರ್ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಅವನು ನಿಂತಿದ್ದ ಜಾಗದಲ್ಲಿ ತಾವು ನಿಂತರು.

“ಶಿವಲೀಲಾ ಮೆಂತೆ ಸೋಸಾಕ ಪೆಟ್ಟಿಗಿ ಎದುರು ಹೆಂಗ ಕೂಡ್ತಿದ್ಲು, ಇಲ್ಲಿ ಹಂಗ ಹೋಗಿ ಕೂಡು, ನಾ ಬಾರಿಸ್ತೀನಿ.”

ಫಕೀರೇಶ ಎದುರಿನ ಗೋಡೆಯವರೆಗೆ ನಡೆದು, ಹಿಂತಿರುಗಿ, ನೆಲದ ಮೇಲೆ ಕೂತ. ಪೆಟ್ಟಿಗೆಯ ಬಾಯಿ ಅವನ ಮುಖಕ್ಕೆ ನೇರವಾಗಿತ್ತು.