ದ್ಯಾಮ ಮೂರು ಫೋಟೋ ಕೂಡಿಸಿದ್ದು

ನೂಲಿನಕೊಪ್ಪ ಅಂತ ಒಂದು ಊರು. ಮನೆಗೊಂದು ಮಗ್ಗ ಇರುವ ಊರು. ಆ ಊರಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿಗೆ ಹೇಳಿ ಹೇಳಿ ಸಾಕಾಗಿತ್ತು, ಮಗನಿಗೆ ಕೇಳಿ ಕೇಳಿ ಸಾಕಾಗಿರಲಿಲ್ಲ.

ತಾಯಿಯ ಹೆಸರು ಸಾವಂತ್ರೆವ್ವ. ಮಗನ ಹೆಸರು ದ್ಯಾಮಣ್ಣ. ಊರೆಲ್ಲ ದ್ಯಾಮ ಅನ್ನುತ್ತಿತ್ತು. ವಯಸ್ಸು ಇಪ್ಪತ್ತಾರು. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅಷ್ಟೆ. ಆದರೆ ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು ಅನ್ನುವುದು ಮಾತ್ರ ಅವನ ತಲೆಗೆ ಇಳಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಇದರಿಂದಲೇ ಆದದ್ದು.

ಅವರದು ಚಂದ್ರಬಿಂಬ ಫೋಟೋ ಸ್ಟುಡಿಯೋ. ಗಂಡ ತೀರಿಕೊಂಡ ಮೇಲೆ ಸಾವಂತ್ರೆವ್ವ ತಾನೇ ಕ್ಯಾಮೆರಾ ಹಿಡಿದು ಹದಿನೈದು ವರ್ಷ ನಡೆಸಿದಳು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತವರು ಅಣ್ಣನೋ ತಮ್ಮನೋ ತಿಳಿಯದು. ಸೊಲ್ಲಾಪುರದಿಂದ ಅವಳ ಅಣ್ಣ ಬಂದು ಖಡಾಖಂಡಿತ ಹೇಳಿ ಹೋಗಿದ್ದ: "ದೀಪಾವಳಿ ತನಕ ನೋಡ್ತೀನಿ ಸಾವಂತ್ರಿ. ನಿನ್ನ ಮಗ ಒಂದಾದ್ರೂ ನೆಟ್ಟನ ಫೋಟೋ ತೆಗೆದ್ರ ಸರಿ. ಇಲ್ಲಂದ್ರ ಬೋರ್ಡ್ ಇಳಿಸು, ಕೀಲಿ ಹಾಕು, ನಮ್ಮನಿಗೆ ಬಾ!"

ಬೋರ್ಡ್ ಇಳಿಸುವುದೆ? ಗಂಡ ತನ್ನ ಕೈಯಿಂದಲೇ ಬಣ್ಣ ಬರೆದ ಬೋರ್ಡ್ ಅದು! ಸಾವಂತ್ರೆವ್ವ ಮಗನ ಕೊರಳಿಗೆ ಕ್ಯಾಮೆರಾ ಹಾಕಿದಳು, ಹೆಗಲಿಗೆ ಗಂಡನ ಫಿಲ್ಟರ್ ಚೀಲ ಹಾಕಿದಳು.

"ದ್ಯಾಮಾ, ಹೇಳಿದ್ದು ಮಾಡ್ತಿಯೇನೋ?"

"ಹೂಂ ಅವ್ವಾ."

ಹೇಳಿದ್ದನ್ನು ಮೀರುವವನಲ್ಲ ದ್ಯಾಮ.

ಮೊದಲ ಕೆಲಸ ಮಿಠಾಯಿ ಅಂಗಡಿ ಹಣಮಂತಸಾನದು. ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟ ಪೇಢೆ, ಕರದಂಟು ಎಲ್ಲ ಫೋಟೋದಲ್ಲಿ ಬರಬೇಕಿತ್ತು. "ಕಪಾಟಿನ ಎದುರು ನಿಂತು ತೆಗಿ" ಎಂದಿದ್ದಳು ತಾಯಿ. ಎದುರು ನಿಂತ, ತೆಗೆದ. ಫೋಟೋದಲ್ಲಿ ಪೇಢೆ ಇಲ್ಲ, ಕರದಂಟಿಲ್ಲ. ಗಾಜಿನೊಳಗೆ ಕ್ಯಾಮೆರಾ ಹಿಡಿದ ದ್ಯಾಮ, ಅವನ ಹಿಂದೆ ಬಸ್ ನಿಲ್ದಾಣ, ನಿಲ್ದಾಣದಲ್ಲಿ ಬಾಳೆಹಣ್ಣು ತಿನ್ನುವ ಕಂಡಕ್ಟರ್!

"ನಾ ಮಿಠಾಯಿ ಮಾರಾವ ಅದೀನಿ, ಕಂಡಕ್ಟರನ್ನ ಮಾರಾವಲ್ಲ!" ಎಂದು ಹಣಮಂತಸಾ ಕಿರುಚಿದ.

"ಅಯ್ಯೋ ಖೋಡಿ!" ತಾಯಿ ಹಣೆ ಬಡಿದುಕೊಂಡಳು. "ಹೊಳಪು ಬಂದ್ರ ಪೋಲರೈಸರ್ ಹಾಕಬೇಕೋ! ಹಾಕಿ, ಹೊಳಪು ಹೋಗೂತನಕ ತಿರುವಬೇಕೋ!"

ಪೋಲರೈಸರ್ ಎಂದರೆ ಲೆನ್ಸಿನ ಮುಂದೆ ಸಿಕ್ಕಿಸುವ ಒಂದು ದುಂಡು ಗಾಜು. ಬಳೆಯ ಹಾಗೆ ತಿರುಗುತ್ತದೆ. ತಿರುಗಿಸಿದರೆ ಗಾಜಿನ ಮೇಲಿನ, ನೀರಿನ ಮೇಲಿನ ಪ್ರತಿಬಿಂಬ ಕರಗಿ ಹೋಗುತ್ತದೆ, ಒಳಗಿರುವುದು ಕಾಣುತ್ತದೆ.

"ಹೊಳಪು ಹೋಗೂತನಕ ತಿರುವಬೇಕು. ಹೂಂ ಅವ್ವಾ."

ಎರಡನೆಯ ಕೆಲಸ ಲಾಡ್ಜ್ ಕಟ್ಟಿಸಿದ ಚಿನ್ನಪ್ಪಗೌಡನದು. ಲಾಡ್ಜಿನ ಎದುರಿಗೇ ಹಳೆಯ ಹೊಂಡ. ಮುಂಜಾನೆ ನೀರು ಅಲುಗದೆ ನಿಂತಾಗ ಲಾಡ್ಜಿನ ಮೂರೂ ಅಂತಸ್ತು ಹೊಂಡದಲ್ಲಿ ತಲೆಕೆಳಗಾಗಿ ಮೂಡುತ್ತದೆ. ಆ ಬಿಂಬದ ಫೋಟೋ ಗೌಡನಿಗೆ ಬೇಕು. ಬಿಂಬ ಇಲ್ಲದಿದ್ದರೆ ಆ ಫೋಟೋ ಇದ್ದೂ ಇಲ್ಲದ ಹಾಗೆ.

ದ್ಯಾಮ ಹೊಂಡದ ಮೆಟ್ಟಿಲ ಮೇಲೆ ಕೂತ. ನೀರು ನೋಡಿದ. ಹೊಳೆಯುತ್ತಿತ್ತು! ಪೋಲರೈಸರ್ ಹಾಕಿದ. ತಿರುವಿದ. ಒಂದಂತಸ್ತು ಹೋಯಿತು. ತಿರುವಿದ. ಎರಡಂತಸ್ತು ಹೋಯಿತು. ಪೂರ್ತಿ ತಿರುವಿದ. ಲಾಡ್ಜೇ ಹೋಯಿತು! ಆಗ ಕ್ಲಿಕ್ಕಿಸಿದ.

ಗೌಡ ಫೋಟೋ ನೋಡಿದ. ತಳದ ಪಾಚಿ, ಒಂದು ಒಡಕು ಕೊಡ, ಜೋಡಿ ತಪ್ಪಿದ ಚಪ್ಪಲಿ.

"ನನ್ನ ಲಾಡ್ಜ್ ಎಲ್ಲಿ ಹೋತಲೇ?"

"ತಿರುವಿ ತಿರುವಿ ತೆಗೆದುಬಿಟ್ಟೇನ್ರಿ ಗೌಡ್ರ! ಒಂದು ಕಿಡಕಿನೂ ಉಳಿಸಿಲ್ಲ!"

ಗೌಡ ಕೈಯಲ್ಲಿದ್ದ ಚಹಾದ ಕಪ್ಪು ಎತ್ತಿದ. ದ್ಯಾಮ ಓಡಿದ.

"ಅಯ್ಯೋ ಖೋಡಿ!" ಎಂದಳು ತಾಯಿ. "ಗಾಜಿಗೆ ಹೇಳಿದ್ದನ್ನ ನೀರಿಗೆ ಮಾಡ್ತಾರೇನೋ? ನೀರು ಕಂಡ್ರ ಕರೀ ಗಾಜು ಹಾಕಬೇಕು, ಕ್ಯಾಮೆರಾ ಸ್ಟ್ಯಾಂಡಿನ ಮ್ಯಾಲ ಇಡಬೇಕು, ಅರ್ಧ ನಿಮಿಷ ಬಾಗಿಲಾ ತೆರದಿಡಬೇಕು. ನೀರು ರೇಷ್ಮಿ ಆಗಿ ಬರತೈತಿ!"

ಕರೀ ಗಾಜು ಎಂದರೆ ಬೆಳಕನ್ನು ತಡೆಯುವ ಫಿಲ್ಟರ್. ಬೆಳಕು ಕಡಿಮೆ ಬರುವುದರಿಂದ ಕ್ಯಾಮೆರಾದ ಬಾಗಿಲನ್ನು ಬಹಳ ಹೊತ್ತು ತೆರೆದಿಡಬಹುದು. ಅಷ್ಟು ಹೊತ್ತಿನಲ್ಲಿ ಹರಿಯುವ ನೀರು ನಯವಾಗಿ ಮೂಡುತ್ತದೆ. ಆದರೆ ಅಷ್ಟು ಹೊತ್ತಿನಲ್ಲಿ ಅಲುಗಾಡಿದ್ದೆಲ್ಲ ಹೊಗೆಯಾಗುತ್ತದೆ. ಈ ಎರಡನೆಯ ಮಾತನ್ನು ತಾಯಿ ಹೇಳಲಿಲ್ಲ. ತಾಯಿ ಹೇಳದ್ದು ಮಗನಿಗೆ ತಿಳಿಯಲಿಲ್ಲ.

ಮೂರನೆಯ ಕೆಲಸ ಪಂಚಾಯಿತಿಯದು. ಊರಿಗೆ ಹೊಸ ನಳ ಬಂದಿತ್ತು. ಅಧ್ಯಕ್ಷ ತಿರಕನಗೌಡ ಜರಿ ರುಮಾಲು ಸುತ್ತಿಕೊಂಡು ಬಂದ, ಟೇಪು ಕತ್ತರಿಸಿದ, ನಳ ತಿರುವಿದ, ಕೈ ಮುಗಿದ, ಭಾಷಣ ಮಾಡಿದ. ನಳದಿಂದ ನೀರು ಬಂತು. ನೀರು! ದ್ಯಾಮ ಕರೀ ಗಾಜು ಹಾಕಿದ, ಅರ್ಧ ನಿಮಿಷ ಬಾಗಿಲು ತೆರೆದಿಟ್ಟ.

ಫೋಟೋದಲ್ಲಿ ನೀರು ನಿಜವಾಗಿಯೂ ರೇಷ್ಮೆಯಾಗಿತ್ತು. ಅಧ್ಯಕ್ಷ ಇರಲಿಲ್ಲ. ಸದಸ್ಯರು ಇರಲಿಲ್ಲ. ಅಲ್ಲೊಂದು ಇಲ್ಲೊಂದು ಹೊಗೆ. ಕುರ್ಚಿಯಲ್ಲಿ ನಿದ್ದೆ ಹೋಗಿದ್ದ ಒಬ್ಬ ಮುದುಕ, ಅವನ ಕಾಲ ಬಳಿ ಮಲಗಿದ್ದ ನಾಯಿ, ಇಬ್ಬರೇ ಕೂದಲು ಎಣಿಸುವಷ್ಟು ಚೊಕ್ಕವಾಗಿ ಬಂದಿದ್ದರು.

"ನಾ ಎಲ್ಲಿದೀನಿ?" ಎಂದ ಅಧ್ಯಕ್ಷ.

"ಇಲ್ಲೇ ಅದೀರಲ್ರಿ ಸಾಹೇಬ್ರ. ಈ ಹೊಗಿ ನೀವ. ಆ ಸಣ್ಣ ಹೊಗಿ ಮೆಂಬರ್ರು."

"ನಳ ತಂದಾವ ನಾನು! ಫೋಟೋದಾಗ ನಾಯಿ ತಂದಂಗ ಕಾಣತೈತಲ್ಲೋ!"

ಸಾವಂತ್ರೆವ್ವ ಈ ಸಲ ಹಣೆ ಬಡಿದುಕೊಳ್ಳಲಿಲ್ಲ, ಗೋಡೆಗೆ ಒರಗಿ ಕೂತಳು. ದೀಪಾವಳಿಗೆ ಇನ್ನು ಹನ್ನೆರಡು ದಿನ. "ಖೋಡಿ, ಮಂದಿ ಇದ್ದಲ್ಲಿ ಮೊದಲ 'ಅಲಗಾಡಬ್ಯಾಡ್ರಿ' ಅಂತ ಹೇಳಬೇಕೋ! ಯಾರೂ ಅಲಗಾಡದಂಗ ನಿಂತ ಮ್ಯಾಲ ತೆಗೀಬೇಕೋ!"

"ಅಲಗಾಡಬ್ಯಾಡ್ರಿ ಅನ್ನಬೇಕು. ಹೂಂ ಅವ್ವಾ."

ಅಷ್ಟರಲ್ಲಿ ನೇಕಾರರ ಸಂಘದಿಂದ ಕರೆ ಬಂತು. ಹೊಸ ವರ್ಷದ ಕ್ಯಾಲೆಂಡರಿಗೆ ಒಂದು ಫೋಟೋ. ಒಂದೇ ಒಂದು. ಸಂಘದ ಅಧ್ಯಕ್ಷ ಗುರುಸಿದ್ಧಪ್ಪ ಹೇಳಿದ: "ಕಾಶಪ್ಪನ ಮನಿ ಒಳಗಿನ ಮಗ್ಗ ಕಾಣಬೇಕು, ನೇಯೂ ಕುಬಸದ ಖಣದ ಬಣ್ಣ ಕಾಣಬೇಕು, ಬಾಗಿಲದಾಗಿಂದ ಬೀದ್ಯಾಗ ಹೂಡಿದ ಹಾಸು ಸೈತ ಕಾಣಬೇಕು. ಪಟ್ಟಣದ ಫೋಟೋದಾಂವಗೂ ಹೇಳೀನಿ. ಯಾರ್ದು ಚಂದ ಬರತೈತೋ ಅವರಿಗೆ ಇನ್ನ ಮ್ಯಾಲ ಸಂಘದ ಎಲ್ಲಾ ಕೆಲಸ."

ಸಂಘದ ಕೆಲಸ ಸಿಕ್ಕಿತೆಂದರೆ ಬೋರ್ಡ್ ಉಳಿದ ಹಾಗೇ. ಸಾವಂತ್ರೆವ್ವನಿಗೆ ಅದು ಗೊತ್ತು. ಆದರೆ ಆ ಫೋಟೋ ಎಷ್ಟು ಕಷ್ಟ ಎನ್ನುವುದೂ ಗೊತ್ತು. ಹಾಸು ಎಂದರೆ ಮಗ್ಗಕ್ಕೆ ಏರಿಸುವ ಮೊದಲು ಬೀದಿಯ ಉದ್ದಕ್ಕೂ ಎಳೆದು ಕಟ್ಟುವ ನೂಲು. ಅದು ಸುಡುಬಿಸಿಲಿನಲ್ಲಿರುತ್ತದೆ. ಮಗ್ಗ ಮನೆಯೊಳಗೆ, ನೇಕಾರ ಕಾಲು ಇಳಿಬಿಟ್ಟು ಕೂರುವ ಕತ್ತಲ ಕುಣಿಯಲ್ಲಿರುತ್ತದೆ. ನಮ್ಮ ಕಣ್ಣು ಎರಡನ್ನೂ ನೋಡೀತು, ಕ್ಯಾಮೆರಾ ನೋಡಲಾರದು. ಮಗ್ಗ ಕಂಡರೆ ಬೀದಿ ಬೆಳ್ಳಗೆ ಸುಟ್ಟುಹೋಗುತ್ತದೆ, ಬೀದಿ ಕಂಡರೆ ಮಗ್ಗ ಇದ್ದಿಲಾಗುತ್ತದೆ.

ಅದಕ್ಕೇ ಎಚ್‌ಡಿಆರ್ ಎಂಬ ಉಪಾಯ. ತಾಯಿ ಮಗನ ಎರಡೂ ಕಿವಿ ಹಿಡಿದು ಹೇಳಿದಳು:

"ಯಾವ ಫಿಲ್ಟರೂ ಬ್ಯಾಡ. ಚೀಲಾನ ಮನಿಯಾಗ ಇಡು. ಸ್ಟ್ಯಾಂಡ್ ಒಂದ ಒಯ್ಯಿ. ಒಂದು ಜಾಗದಾಗಿಂದ ಮೂರು ತೆಗಿ. ಒಂದು ಕಪ್ಪಗ, ಒಂದು ನಡುವಿಂದು, ಒಂದು ಬೆಳ್ಳಗ. ಕಪ್ಪಂದರಾಗಿನ ಬೀದಿ ತೊಗೋ, ಬೆಳ್ಳಂದರಾಗಿನ ಮಗ್ಗ ತೊಗೋ, ನಡುವಿಂದರಾಗಿನ ಗ್ವಾಡಿ ತೊಗೋ. ಮೂರನ್ನೂ ಕೂಡಿಸಿ ಒಂದು ಮಾಡು. ತಿಳೀತೇನೋ?"

"ಹೂಂ ಅವ್ವಾ."

ಕೂಡಿಸುವ ಕೆಲಸ ಕಂಪ್ಯೂಟರ್ ಮಾಡುತ್ತದೆ ಎಂದು ಅವಳು ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಮಾತು ಎಂದುಕೊಂಡಳು.

ಪಟ್ಟಣದವನು ಮೊದಲು ಬಂದ. ಮೂರು ಚೀಲ, ಎಂಟು ಫಿಲ್ಟರ್. ಮೇಲರ್ಧ ಕಪ್ಪು, ಕೆಳಗರ್ಧ ತಿಳಿ ಇರುವ ಗಾಜು ಹಾಕಿದ. ಅದು ಮೇಲೆ ಆಕಾಶ ಕೆಳಗೆ ಹೊಲ ಇದ್ದಲ್ಲಿ ಒಳ್ಳೆಯದು. ಆದರೆ ಮನೆಯೊಳಗೆ ಬೆಳಕು ಇರುವುದು ನಡುವಿನ ಬಾಗಿಲಲ್ಲಿ, ಮೇಲೆ ತೊಲೆ, ಕೆಳಗೆ ಕಾಶಪ್ಪ. ತೊಲೆಯ ಜೊತೆ ಕಾಶಪ್ಪನ ತಲೆಯೂ ಕಪ್ಪಾಯಿತು. ಆಮೇಲೆ ಅವನೂ ಮೂರು ತೆಗೆದ, ಕಂಪ್ಯೂಟರಿನಲ್ಲಿ ಕೂಡಿಸಿದ. ಕಾಶಪ್ಪ ನೇಯುತ್ತಲೇ ಇದ್ದನಲ್ಲ, ಮೂರರಲ್ಲಿ ಕೈ ಮೂರು ಕಡೆ. ಕೂಡಿದ ಫೋಟೋದಲ್ಲಿ ಕಾಶಪ್ಪನಿಗೆ ಆರು ಕೈ, ಬಾಗಿಲಲ್ಲಿದ್ದ ಆಡಿಗೆ ಹನ್ನೆರಡು ಕಾಲು!

ಆಮೇಲೆ ದ್ಯಾಮ ಬಂದ. ಸ್ಟ್ಯಾಂಡ್ ಇಟ್ಟ. ಗಂಟಲು ಸರಿಪಡಿಸಿಕೊಂಡ.

"ಅಲಗಾಡಬ್ಯಾಡ್ರಿ!"

ಕಾಶಪ್ಪ ಲಾಳಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ದ್ಯಾಮ ಬೀದಿಗೆ ಓಡಿದ. "ಅಲಗಾಡಬ್ಯಾಡ್ರಿ!" ಹಾಸಿನ ನೂಲು ತಿದ್ದುತ್ತಿದ್ದ ಹೆಣ್ಣುಮಕ್ಕಳು ಕೈ ಎತ್ತಿದವರು ಎತ್ತಿದಂತೆ, ಬಗ್ಗಿದವರು ಬಗ್ಗಿದಂತೆ ನಿಂತರು. ಆಡಿಗೂ ಹೇಳಿದ. ಅದು ಕೇಳಲಿಲ್ಲ. ಅದರ ಕಿವಿಯಲ್ಲಿ ಇನ್ನೊಮ್ಮೆ ಹೇಳಿ, ಬಾಯಿಗೆ ಸೊಪ್ಪು ಕೊಟ್ಟು, ಗೂಟಕ್ಕೆ ಗಿಡ್ಡ ಕಟ್ಟಿದ. ಒಳಗೆ ಓಡಿ ಬಂದು ಕಪ್ಪಗೊಂದು, ನಡುವಿನದೊಂದು, ಬೆಳ್ಳಗೊಂದು ತೆಗೆದ. ಸ್ಟ್ಯಾಂಡ್ ಮಡಚಿದ. ಹೊರಟ.

ಅಲುಗಾಡಿ ಎಂದು ಹೇಳುವುದನ್ನು ತಾಯಿ ಹೇಳಿಕೊಟ್ಟಿರಲಿಲ್ಲ.

"ಲೇ ದ್ಯಾಮಾ! ಕೈ ಇಳಸಲೇನೋ?" ಎಂದು ಕಾಶಪ್ಪ ಹಿಂದಿನಿಂದ ಕೂಗುತ್ತಿದ್ದ.

ಮನೆಗೆ ಬಂದು ದ್ಯಾಮ ಮೂರನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿದ. ಇನ್ನು ಕೂಡಿಸಬೇಕು. ಹೇಗೆ? ನೂಲಿನಕೊಪ್ಪದಲ್ಲಿ ಕೂಡಿಸುವುದು ಎಂದರೆ ಕೂಸಿಗೂ ಗೊತ್ತು. ಮಗ್ಗದ ಹಳೆಯ ಹಾಸು ತೀರುವ ಹೊತ್ತಿಗೆ ಹೊಸ ಹಾಸನ್ನು ಅದಕ್ಕೆ ಎಳೆಗೆ ಎಳೆ ಹಚ್ಚಿ ಹೊಸೆಯುತ್ತಾರೆ. ಒಂದು ಎಳೆ ತಪ್ಪಬಾರದು. ದ್ಯಾಮ ಕತ್ತರಿ ತೆಗೆದುಕೊಂಡ. ಮೂರೂ ಫೋಟೋಗಳನ್ನು ನೂಲಿನಂತೆ ಸಣ್ಣ ಸಣ್ಣ ಪಟ್ಟಿ ಕತ್ತರಿಸಿದ. ಕಪ್ಪಗಿನದರ ಬೀದಿ, ಬೆಳ್ಳಗಿನದರ ಮಗ್ಗ, ನಡುವಿನದರ ಗೋಡೆ ಆರಿಸಿದ. ಅಂಚಿಗೆ ಅಂಚು, ಎಳೆಗೆ ಎಳೆ, ಅಂಟು ಹಚ್ಚಿ ಕೂಡಿಸಿದ. ಎರಡು ದಿನ ಊಟಕ್ಕೆ ಕರೆದರೂ ಏಳಲಿಲ್ಲ.

ಸಾವಂತ್ರೆವ್ವ ಬೆರಳಿನಿಂದ ಸವರಿ ನೋಡಿದಳು. ಅಂಚು ಅಂಚು ಕೈಗೆ ಹತ್ತಿತು.

"ದ್ಯಾಮಾ! ಕತ್ತರಿಸಿದಿಯೇನೋ?"

"ಕತ್ತರಿಸದ ಹೆಂಗ ಕೂಡಸ್ಲಿ ಅವ್ವಾ?"

"ಮುಗೀತು" ಎಂದಳು ಸಾವಂತ್ರೆವ್ವ. "ಬೋರ್ಡ್ ಇಳಿಸಾಕ ಏಣಿ ತಗೊಂಬಾ."

ಅವನು ಏಣಿ ತಂದ. ಹೇಳಿದ್ದನ್ನು ಮೀರುವವನಲ್ಲ. ಏಣಿ ಹೆಗಲ ಮೇಲೆ, ಫೋಟೋ ಕಂಕುಳಲ್ಲಿ. ಅಷ್ಟರಲ್ಲಿ ಸಂಘದವರೇ ಬಾಗಿಲಿಗೆ ಬಂದರು: ಅಧ್ಯಕ್ಷ ಗುರುಸಿದ್ಧಪ್ಪ, ಉಪಾಧ್ಯಕ್ಷ ಅಂದಾನಪ್ಪ, ಕಾರ್ಯದರ್ಶಿ ರಾಚಪ್ಪ. ಜೊತೆಗೆ ಪಟ್ಟಣದವನು.

ಗುರುಸಿದ್ಧಪ್ಪ ಫೋಟೋ ಬಿಚ್ಚಿದ. ಬೆಳಕಿಗೆ ಹಿಡಿದ. ಬೀದಿಯ ಹಾಸಿನ ಒಂದೊಂದು ಎಳೆ ಕಾಣುತ್ತಿತ್ತು. ಕತ್ತಲ ಕುಣಿಯಲ್ಲಿ ಖಣದ ಕೆಂಪು, ಅಂಚಿನ ಹಸಿರು ಉರಿಯುತ್ತಿದ್ದವು. ಕಾಶಪ್ಪನಿಗೆ ಎರಡೇ ಕೈ! ಆಡಿಗೆ ನಾಲ್ಕೇ ಕಾಲು! ಮೇಲೆಲ್ಲ ಪಟ್ಟಿಗಳ ಸಣ್ಣ ಗೆರೆ, ದೂರದಿಂದ ನೋಡಿದರೆ ಥೇಟು ಬಟ್ಟೆಯ ನೇಯ್ಗೆ.

"ಎಪ್ಪಾ!" ಎಂದ ಗುರುಸಿದ್ಧಪ್ಪ. "ಫೋಟೋನ ನೇಯ್ದಾನಲ್ಲೋ ಮಗಾ!"

ಪಟ್ಟಣದವನು ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ. "ಯಾವ ಸಾಫ್ಟ್‌ವೇರ್ರಿ ಇದು?"

"ಕತ್ತರಿ" ಎಂದ ದ್ಯಾಮ.

ಕೆಲಸ ಚಂದ್ರಬಿಂಬ ಸ್ಟುಡಿಯೋಕ್ಕೇ ಬಂತು. ಸಾವಂತ್ರೆವ್ವ ಏಣಿಯನ್ನು ತಾನೇ ಕಿತ್ತುಕೊಂಡು ಹಿತ್ತಲಿಗೆ ಎಸೆದಳು. ಊರಿಗೆ ಕೇಳುವಂತೆ ನಕ್ಕಳು, ಊರಿಗೆ ಕಾಣುವಂತೆ ಅತ್ತಳು. ಅಣ್ಣನಿಗೆ ಫೋನ್ ಮಾಡಿ, "ಬೋರ್ಡಿಗೆ ಹೊಸಾ ಬಣ್ಣಾ ಹಚ್ಚಾಕತ್ತೀನಿ!" ಎಂದು ಕೂಗಿ, ಅವನು ಬಾಯಿ ತೆರೆಯುವ ಮೊದಲೇ ಇಟ್ಟಳು. ಮಗನ ಕೆನ್ನೆ ಸವರಿ, ಹುಟ್ಟಿದಾಗಿನಿಂದ ಬೈದದ್ದೇ ಬೈದ ಬಾಯಿಂದ ಮೊದಲ ಸಲ ಹೊಗಳಿದಳು:

"ಶಾಣ್ಯಾ ಅದೀಯೋ ಮಗನ! ಇನ್ನ ಮ್ಯಾಲ ಯಾವಾಗ್ಲೂ ಹಿಂಗ ಮಾಡು. ಮೂರು ತೆಗಿ. ಒಂದೊಂದರಾಗ ಯಾವುದು ಚಂದ ಬಂದೈತಿ ಅದನ್ನಷ್ಟ ಇಟಗೋ. ಕೆಟ್ಟದ್ದು ಬಿಟ್ಟಬಿಡು. ಕೂಡಿಸಿ ಒಂದು ಮಾಡು!"

"ಹೂಂ ಅವ್ವಾ!"

ಮರುದಿನ ಸಂಘದ ಆ ಮೂವರೂ ಸ್ಟುಡಿಯೋಕ್ಕೆ ಬಂದರು. ಕ್ಯಾಲೆಂಡರಿನ ಕೆಳಗೆ ತಮ್ಮ ಫೋಟೋಗಳೂ ಬರಬೇಕು. ದ್ಯಾಮ ಒಬ್ಬೊಬ್ಬರನ್ನೇ ಕೂರಿಸಿದ. ಅಲುಗಾಡಬೇಡಿ ಎಂದ. ಮೂರು ಜನ, ಮೂರು ಫೋಟೋ. ಆಮೇಲೆ ಕತ್ತರಿ ತೆಗೆದ. ತಾನೇ ಒಯ್ದು ಪ್ರೆಸ್ಸಿಗೂ ಕೊಟ್ಟ.

ಕ್ಯಾಲೆಂಡರ್ ಬಂದ ದಿನ ಸಂಘದ ಮುಂದೆ ಊರೇ ನೆರೆದಿತ್ತು. ಸಾವಂತ್ರೆವ್ವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದರು. ಗುರುಸಿದ್ಧಪ್ಪ ಕ್ಯಾಲೆಂಡರ್ ಬಿಚ್ಚಿ ಎತ್ತಿ ಹಿಡಿದ. ಜನ ಚಪ್ಪಾಳೆ ಹೊಡೆದರು, ಶಿಳ್ಳೆ ಹಾಕಿದರು. ಮಗ್ಗದ ಫೋಟೋ ಹಾಗಿತ್ತು! ಆಮೇಲೆ ಎಲ್ಲರ ಕಣ್ಣು ಕೆಳಗೆ ಇಳಿಯಿತು. ಅಲ್ಲಿ ಮೂವರಿರಲಿಲ್ಲ. ಒಬ್ಬನೇ ಒಬ್ಬ ಕೂತಿದ್ದ. ಭಾರಿ ಕಳೆಯ ಮನುಷ್ಯ.

"ಇಂವ ಯಾರೋ?" ಎಂದ ಗುರುಸಿದ್ಧಪ್ಪ. "ಮೀಸಿ ನಂದು ಇದ್ದಂಗ ಐತಿ."

"ರುಮಾಲು ನಂದು" ಎಂದ ಅಂದಾನಪ್ಪ.

"ನಗಿ ನಂದಲಾ!" ಎಂದ ರಾಚಪ್ಪ.

"ಹೌದ್ರಿ" ಎಂದ ದ್ಯಾಮ ಹಿಗ್ಗಿನಿಂದ. "ಮೂವರದೂ ಚಂದ ಬಂದದ್ದನ್ನಷ್ಟ ಕೂಡಿಸೀನ್ರಿ."

"ಮೂಗು ಯಾರ್ದು?"

"ಮೂಗು ನಿಮ್ಮ ಮೂವರದೂ ಚಂದ ಬರಲಿಲ್ರಿ" ಎಂದ ದ್ಯಾಮ. "ಅದಕ್ಕ ನಮ್ಮವ್ವಂದು ಹಚ್ಚೀನಿ, ಆಕಿ ಲಗ್ನದ ಫೋಟೋದಾಗಿಂದು."

ಊರೆಲ್ಲ ಕ್ಯಾಲೆಂಡರಿನತ್ತ ಬಾಗಿ ನೋಡಿತು. ಗಿರಿಜಾ ಮೀಸೆಯ ಮೇಲೆ ಮೂಗುತಿ ಫಳಫಳ ಹೊಳೆಯುತ್ತಿತ್ತು.